ಬೆಂಗಳೂರು–ಮಂಗಳೂರು: ಆಕಾಶದಲ್ಲಿ 306 ಕಿ.ಮೀ., ಮನೆಯಿಂದ ಮನೆಗೆ ಎಷ್ಟು ಹೊತ್ತು?

ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದಲ್ಲಿ ಎಷ್ಟು ದೂರ ಎಂದು ಮೊಬೈಲಿನಲ್ಲಿ ಹುಡುಕಿದರೆ ಥಟ್ಟನೆ ಉತ್ತರ ಬರುತ್ತದೆ: ಸುಮಾರು 306 ಕಿಲೋಮೀಟರ್, ಒಂದು ಗಂಟೆ ಐದು ನಿಮಿಷ. ಆ ಉತ್ತರ ಸುಳ್ಳಲ್ಲ. ಆದರೆ ಅದು ದೇವನಹಳ್ಳಿಯ ರನ್‌ವೇಯಿಂದ ಕೆಂಜಾರಿನ ಗುಡ್ಡದ ಮೇಲಿರುವ ರನ್‌ವೇಗೆ ಹಾಕಿದ ಲೆಕ್ಕ. ನಾವು ಹೊರಡುವುದು ಜೆ.ಪಿ. ನಗರದಿಂದಲೋ ವೈಟ್‌ಫೀಲ್ಡ್‌ನಿಂದಲೋ, ಸೇರಬೇಕಾದದ್ದು ಪುತ್ತೂರಿಗೋ ಕುಂದಾಪುರಕ್ಕೋ. ಈ ಎರಡು ಬಾಗಿಲುಗಳ ನಡುವಿನ ಸಮಯವನ್ನು ಯಾವ ಆ್ಯಪೂ ನಮಗಾಗಿ ಕೂಡಿಸಿ ಕೊಡುವುದಿಲ್ಲ.

ನನಗೆ ಇದು ಅರ್ಥವಾದದ್ದು ಒಂದು ಕೆಟ್ಟ ಬೆಳಿಗ್ಗೆ. ಆರು ಗಂಟೆಗೆ ಪುತ್ತೂರಿನಿಂದ ಅಮ್ಮನ ಫೋನು: ಅಪ್ಪನಿಗೆ ಎದೆನೋವು, ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೇವೆ. ಹಣದ ಯೋಚನೆ ಮಾಡದೆ ಹತ್ತೂವರೆಯ ವಿಮಾನಕ್ಕೆ ಟಿಕೆಟ್ ತೆಗೆದೆ. ಏಳೂ ಕಾಲಿಗೆ ಜೆ.ಪಿ. ನಗರದ ಮನೆ ಬಿಟ್ಟರೆ ವಿಮಾನ ನಿಲ್ದಾಣ ಮುಟ್ಟುವಾಗ ಒಂಬತ್ತು. ವಿಮಾನ ಹೊತ್ತಿಗೆ ಸರಿಯಾಗಿ ಹೊರಟಿತು, ಹೊತ್ತಿಗೆ ಸರಿಯಾಗಿ ಇಳಿಯಿತು. ಹೊರಗೆ ಬಂದು ಟ್ಯಾಕ್ಸಿ ಹಿಡಿದು, ಗುರುಪುರ, ಬಿ.ಸಿ. ರೋಡ್ ದಾಟಿ ಪುತ್ತೂರಿನ ಆಸ್ಪತ್ರೆ ಬಾಗಿಲಲ್ಲಿ ನಿಂತಾಗ ಒಂದೂವರೆ ಆಗಲು ಐದು ನಿಮಿಷ ಇತ್ತು. ಅದೇ ಸುದ್ದಿ ಕೇಳಿ ನಾಗರಬಾವಿಯಿಂದ ಆರೂ ಮುಕ್ಕಾಲಿಗೆ ಕಾರಿನಲ್ಲಿ ಹೊರಟಿದ್ದ ಭಾವ, ನಾನು ಒಳಗೆ ಹೋಗಿ ಅಪ್ಪನ ಮುಖ ನೋಡಿ ಹೊರಬರುವಷ್ಟರಲ್ಲಿ ಮೆಟ್ಟಿಲ ಹತ್ತಿರ ಇದ್ದರು. ನಮ್ಮಿಬ್ಬರ ನಡುವೆ ಇದ್ದದ್ದು ಇಪ್ಪತ್ತು ನಿಮಿಷ. ಅವರ ಹತ್ತಿರ ಕಾರು ಇತ್ತು. ಔಷಧಿ ತರಲು, ಅಮ್ಮನನ್ನು ಮನೆಗೆ ಬಿಡಲು ಅದೇ ಬೇಕಾಯಿತು. ಅಪ್ಪ ಈಗ ಚೆನ್ನಾಗಿದ್ದಾರೆ. ಆ ದಿನದ ಬಳಿಕ ಊರಿಗೆ ಹೋಗುವ ಪ್ರತಿಯೊಂದು ಸಲವೂ ನಾನು ಲೆಕ್ಕ ಹಾಕಿಯೇ ಹೊರಡುತ್ತೇನೆ. ಆ ಲೆಕ್ಕವನ್ನೇ ಇಲ್ಲಿ ಬಿಡಿಸಿ ಇಡುತ್ತಿದ್ದೇನೆ.

306 ಎಲ್ಲಿಂದ ಬಂತು

ಬೆಂಗಳೂರು, ಮಂಗಳೂರು ಎರಡೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಕೆಂಪೇಗೌಡ ವಿಮಾನ ನಿಲ್ದಾಣ 13.2 ಡಿಗ್ರಿ ಉತ್ತರದಲ್ಲಿದ್ದರೆ ಮಂಗಳೂರಿನ ಬಜ್ಪೆ ನಿಲ್ದಾಣ 12.96 ಡಿಗ್ರಿಯಲ್ಲಿ. ಆದ್ದರಿಂದ ವಿಮಾನ ಹೋಗುವುದು ನೇರ ಪಶ್ಚಿಮಕ್ಕೆ ಎಂದೇ ಹೇಳಬಹುದು. ರೇಖಾಂಶದಲ್ಲಿ ಇರುವ ಅಂತರ 2.8 ಡಿಗ್ರಿ. ಭೂಮಧ್ಯರೇಖೆಯಲ್ಲಿ ಒಂದು ಡಿಗ್ರಿ ಎಂದರೆ 111 ಕಿ.ಮೀ.; ಉತ್ತರಕ್ಕೆ ಸರಿದಂತೆ ಅದು ಕಿರಿದಾಗುತ್ತ ಬಂದು ನಮ್ಮ ಅಕ್ಷಾಂಶದಲ್ಲಿ 108 ಚಿಲ್ಲರೆ ಆಗುತ್ತದೆ. ಗುಣಿಸಿ, ದಕ್ಷಿಣಕ್ಕೆ ವಾಲಿದ ಕಾಲು ಡಿಗ್ರಿಯನ್ನೂ ಸೇರಿಸಿದರೆ 306 ಕಿ.ಮೀ. ಸಿಗುತ್ತದೆ. ವಿಮಾನಯಾನದವರ ಭಾಷೆಯಲ್ಲಿ 165 ನಾಟಿಕಲ್ ಮೈಲು. ರಸ್ತೆಯಲ್ಲಾದರೆ ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ, ಶಿರಾಡಿ ಎಂದು ಸುಮಾರು 350 ಕಿ.ಮೀ. ನೋಡಿ, ದೂರದಲ್ಲಿ ಅಂಥ ವ್ಯತ್ಯಾಸವೇ ಇಲ್ಲ. ಘಟ್ಟ ಅಡ್ಡ ಬರುತ್ತದೆ, ಅಷ್ಟೆ.

ಜೆಟ್ ವಿಮಾನ ಮೇಲೇರಿದ ಮೇಲೆ ಗಂಟೆಗೆ 830 ಕಿ.ಮೀ. ಆಸುಪಾಸಿನಲ್ಲಿ ಹಾರುತ್ತದೆ. ಆ ವೇಗವೇ ಪೂರ್ತಿ ಇದ್ದಿದ್ದರೆ 306 ಕಿ.ಮೀ.ಗೆ 22 ನಿಮಿಷ ಸಾಕಿತ್ತು. ಆದರೆ ಇಷ್ಟು ಹತ್ತಿರದ ಹಾರಾಟದಲ್ಲಿ ಏರುವುದು, ಇಳಿಯುವುದರಲ್ಲೇ ಬಹುಪಾಲು ದಾರಿ ಮುಗಿಯುತ್ತದೆ. ಆ ವೇಗದಲ್ಲಿ ಸಾಗುವುದು ನಡುವಿನ ಕೆಲವು ನಿಮಿಷ ಮಾತ್ರ. ಹೀಗಾಗಿ ಗಾಳಿಯಲ್ಲಿ ಇರುವುದು ಮುಕ್ಕಾಲು ಗಂಟೆ. ಟಿಕೆಟ್‌ನಲ್ಲಿ ಒಂದು ಗಂಟೆ ಐದು ನಿಮಿಷ ಎಂದಿರುವುದು, ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಮಂಗಳೂರಿನಲ್ಲಿ ಮತ್ತೆ ನಿಲ್ಲುವವರೆಗಿನ ಹೊತ್ತು. ದೇವನಹಳ್ಳಿಯಂಥ ದೊಡ್ಡ ನಿಲ್ದಾಣದಲ್ಲಿ ರನ್‌ವೇ ತುದಿಗೆ ಉರುಳಿಕೊಂಡು ಹೋಗುವುದಕ್ಕೆ, ಸರದಿ ಕಾಯುವುದಕ್ಕೆ ಹದಿನೈದು ನಿಮಿಷ ಬೇಕಾಗುವುದು ಸಾಮಾನ್ಯ.

ಇದರಿಂದ ಎರಡು ಮಾತು ಹೊಳೆಯುತ್ತವೆ. ಒಂದು, ರೆಕ್ಕೆಗೆ ಪಂಖ ಕಟ್ಟಿದ ಎಟಿಆರ್ ವಿಮಾನ ಸಿಕ್ಕಿತೆಂದು ಬೇಸರಿಸುವುದು ಬೇಡ. ಅದರ ವೇಗ ಗಂಟೆಗೆ 510 ಕಿ.ಮೀ. ಆಸುಪಾಸು ನಿಜ, ಆದರೆ ಈ ದೂರಕ್ಕೆ ಅದು ಹೆಚ್ಚು ತೆಗೆದುಕೊಳ್ಳುವುದು ಹತ್ತು ಹದಿನೈದು ನಿಮಿಷ. ದಿಲ್ಲಿಯಷ್ಟು ದೂರಕ್ಕಾದರೆ ಆ ವ್ಯತ್ಯಾಸ ಒಂದು ಗಂಟೆಗೂ ಮೀರಿದ್ದು, ಮಂಗಳೂರಿಗಲ್ಲ. ಇನ್ನೊಂದು, ಬೆಂಗಳೂರಿನ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ವಿಮಾನ ಗಾಳಿಗೆ ಎದುರಾಗಿ ಏರಬೇಕು. ಮುಂಗಾರಿನ ಪಡುಗಾಳಿ ಇರುವಾಗ ಪಶ್ಚಿಮಕ್ಕೆ ಏರಿ ನೇರವಾಗಿ ಮಂಗಳೂರಿನ ದಾರಿ ಹಿಡಿಯುತ್ತದೆ. ಚಳಿಗಾಲದಲ್ಲಿ ಮೂಡುಗಾಳಿ ಬೀಸಿದರೆ ಮೊದಲು ಪೂರ್ವಕ್ಕೆ ಏರಿ, ದೊಡ್ಡ ತಿರುವು ಹೊಡೆದು ಹಿಂದೆ ಬರಬೇಕು. ಕಿಟಕಿ ಬದಿಗೆ ಕುಳಿತರೆ ಈ ತಿರುವು ಸ್ಪಷ್ಟವಾಗಿ ತಿಳಿಯುತ್ತದೆ. ಆದರೂ ಇವೆಲ್ಲ ನಿಮಿಷಗಳ ಮಾತು. ಗಂಟೆಗಳು ಹೋಗುವುದು ನೆಲದ ಮೇಲೆ.

ಬೆಂಗಳೂರಿನ ಬಾಗಿಲು

2008ರ ಮೇ ತಿಂಗಳವರೆಗೆ ವಿಮಾನ ಏರುವುದು ನಗರದೊಳಗಿನ ಎಚ್‌ಎಎಲ್ ನಿಲ್ದಾಣದಲ್ಲಿ ಆಗಿತ್ತು. ಆಗ ಮಂಗಳೂರಿಗೆ ವಿಮಾನದಲ್ಲಿ ಹೋಗುವುದೆಂದರೆ ನಿಜಕ್ಕೂ ಬೇಗ ಹೋಗುವುದೇ. ಈಗಿನ ನಿಲ್ದಾಣ ನಗರದ ಈಶಾನ್ಯ ದಿಕ್ಕಿಗೆ, ವಿಧಾನಸೌಧದಿಂದ ಮೂವತ್ತೈದು ಕಿ.ಮೀ. ಆಚೆ ಇದೆ. ಮಂಗಳೂರು ಇರುವುದು ಪಶ್ಚಿಮಕ್ಕೆ. ಅಂದರೆ ಬನಶಂಕರಿ, ಕೆಂಗೇರಿ, ರಾಜರಾಜೇಶ್ವರಿ ನಗರದವರು ಊರಿಗೆ ಹೋಗಲು ಊರಿಗೆ ಬೆನ್ನು ಹಾಕಿ ನಲವತ್ತು ಚಿಲ್ಲರೆ ಕಿ.ಮೀ. ಸಾಗಬೇಕು. ಅವರು ದೇವನಹಳ್ಳಿ ಸೇರುವ ಹೊತ್ತಿಗೆ, ಅದೇ ಗಳಿಗೆಯಲ್ಲಿ ಪಕ್ಕದ ಮನೆಯಿಂದ ಹೊರಟ ಕಾರು ನೆಲಮಂಗಲ ದಾಟಿ ಕುಣಿಗಲ್ ಹತ್ತಿರ ಇರುತ್ತದೆ.

ಹೆಬ್ಬಾಳ, ಯಲಹಂಕ, ಸಹಕಾರ ನಗರ, ವಿದ್ಯಾರಣ್ಯಪುರದವರ ಕತೆಯೇ ಬೇರೆ. ಅವರಿಗೆ ಅರ್ಧ ಗಂಟೆಯ ದಾರಿ. ಅದೂ ಮೇಲ್ಸೇತುವೆ ದಾಟಿದ ಮೇಲೆ ಸರಾಗ. ಈ ಬಡಾವಣೆಗಳಲ್ಲಿರುವ ನಮ್ಮೂರ ನೆಂಟರು ವಿಮಾನವನ್ನು ಹೊಗಳುವಾಗ ದಕ್ಷಿಣ ಬೆಂಗಳೂರಿನ ನಾವು ಅದನ್ನು ನಮ್ಮ ಅನುಭವ ಎಂದುಕೊಳ್ಳಬಾರದು.

ಇಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿ ಇದೆ. ಯಾವ ಕಂಪನಿಯ ವಿಮಾನ ಎಂಬುದಕ್ಕಿಂತ ಎಷ್ಟು ಗಂಟೆಯ ವಿಮಾನ ಎಂಬುದು ಮುಖ್ಯ. ಬೆಳಿಗ್ಗೆ ಆರೂವರೆಯದ್ದಕ್ಕೂ ಸಂಜೆ ಏಳರದ್ದಕ್ಕೂ ಟಿಕೆಟ್‌ನಲ್ಲಿ ಅದೇ ಒಂದು ಗಂಟೆ ಐದು ನಿಮಿಷ ಇರುತ್ತದೆ. ಆದರೆ ನಸುಕಿನ ನಾಲ್ಕಕ್ಕೆ ಜಯನಗರದಿಂದ ಹೊರಟರೆ ಐವತ್ತು ನಿಮಿಷದಲ್ಲಿ ನಿಲ್ದಾಣದಲ್ಲಿರುತ್ತೀರಿ. ಸಂಜೆ ನಾಲ್ಕಕ್ಕೆ ಹೊರಟರೆ, ಅದೂ ಶುಕ್ರವಾರ, ಮಳೆ ಬಂದಿದ್ದರೆ, ಎರಡು ಗಂಟೆಯಾದರೂ ಆಶ್ಚರ್ಯವಿಲ್ಲ. ಒಂದೇ ಹಾರಾಟ, ಒಂದೇ ಮನೆ. ವ್ಯತ್ಯಾಸ ಒಂದು ಗಂಟೆಗೂ ಮಿಕ್ಕಿ. ವಾಯುವಜ್ರ ಬಸ್ಸು ಟ್ಯಾಕ್ಸಿಗಿಂತ ಹದಿನೈದಿಪ್ಪತ್ತು ನಿಮಿಷ ನಿಧಾನ, ಆದರೆ ದುಡ್ಡಿನಲ್ಲಿ ದೊಡ್ಡ ಉಳಿತಾಯ. ಒಬ್ಬರೇ ಹೋಗುವುದಾದರೆ ನಾನು ಬಸ್ಸನ್ನೇ ಹಿಡಿಯುತ್ತೇನೆ.

ನಿಲ್ದಾಣದೊಳಗೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಲಗೇಜ್ ಒಪ್ಪಿಸುವ ಕೌಂಟರ್ ಸಾಮಾನ್ಯವಾಗಿ ವಿಮಾನ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಹತ್ತುವ ಬಾಗಿಲು 25 ನಿಮಿಷ ಮೊದಲು. ಎರಡು ಟರ್ಮಿನಲ್ ಇರುವುದರಿಂದ ಟಿಕೆಟ್‌ನಲ್ಲಿ ಯಾವುದೆಂದು ನೋಡಿಕೊಂಡೇ ಟ್ಯಾಕ್ಸಿ ಚಾಲಕರಿಗೆ ಹೇಳಿ.

ಕರಾವಳಿಯ ಬಾಗಿಲು

ಬಜ್ಪೆಯ ನಿಲ್ದಾಣ 1951ರಿಂದ ಇದೆ. ಮಂಗಳೂರು ಪೇಟೆಗೆ ಹದಿಮೂರು ಕಿ.ಮೀ., ಮುಕ್ಕಾಲು ಗಂಟೆಯೊಳಗೆ ಹಂಪನಕಟ್ಟೆ. ಕದ್ರಿ, ಬಿಜೈ, ಕಾವೂರಿನವರಿಗೆ ಅದಕ್ಕಿಂತಲೂ ಹತ್ತಿರ. ಸಣ್ಣ ನಿಲ್ದಾಣವಾದ್ದರಿಂದ ವಿಮಾನ ನಿಂತ ಇಪ್ಪತ್ತು ನಿಮಿಷದಲ್ಲಿ ಹೊರಗಿರುತ್ತೀರಿ.

ಆದರೆ ‘ಮಂಗಳೂರಿಗೆ ಹೋಗುತ್ತೇನೆ’ ಎನ್ನುವ ನಮ್ಮಲ್ಲಿ ಎಷ್ಟು ಜನರ ಮನೆ ಮಂಗಳೂರಿನಲ್ಲಿದೆ? ಬೆಂಗಳೂರಿನಲ್ಲಿ ಕುಳಿತು ಮಂಗಳೂರು ಎಂದರೂ, ಕೆದಕಿ ಕೇಳಿದರೆ ವಿಟ್ಲ, ಬೆಳ್ತಂಗಡಿ, ಸುಳ್ಯ, ಕಾರ್ಕಳ, ಬ್ರಹ್ಮಾವರ, ಕಾಸರಗೋಡು ಎಂದು ಹೆಸರು ಬರುತ್ತದೆ. ಬಜ್ಪೆಯಿಂದ ಪುತ್ತೂರಿಗೆ ಐವತ್ತು ಕಿ.ಮೀ. ಮೇಲೆ, ಉಡುಪಿಗೂ ಹಾಗೆಯೇ, ಕಾಸರಗೋಡಿಗೆ ಸುಮಾರು ಅರುವತ್ತು. ಕುಂದಾಪುರಕ್ಕೆ ತೊಂಬತ್ತರ ಮೇಲೆ. ಸುಬ್ರಹ್ಮಣ್ಯಕ್ಕೆ ನೂರು. ಈ ಊರುಗಳಿಗೆ ಟ್ಯಾಕ್ಸಿ ಮಾಡಿದರೆ ಅದರ ಬಾಡಿಗೆ ಕೆಲವೊಮ್ಮೆ ವಿಮಾನದ ಟಿಕೆಟ್ಟಿನ ಅರ್ಧಕ್ಕೆ ಬಂದು ನಿಲ್ಲುತ್ತದೆ.

ಇದರಲ್ಲಿ ನನ್ನನ್ನು ಹೆಚ್ಚು ಕಾಡುವುದು ಸುಬ್ರಹ್ಮಣ್ಯ, ಸುಳ್ಯ, ಕಡಬ, ಪುತ್ತೂರಿನವರ ಸಂಗತಿ. ರಸ್ತೆಯಲ್ಲೋ ರೈಲಿನಲ್ಲೋ ಬಂದರೆ ಘಟ್ಟ ಇಳಿದ ಕೂಡಲೇ ನಮ್ಮ ಊರು. ವಿಮಾನದಲ್ಲಿ ಬಂದರೆ ನಮ್ಮ ಊರಿನ ಮೇಲಿಂದಲೇ ಹಾರಿ, ಮುಂದೆ ಹೋಗಿ, ಇಳಿದು, ಮತ್ತೆ ಒಂದೂವರೆ ಎರಡು ಗಂಟೆ ಪೂರ್ವಕ್ಕೆ ವಾಪಸ್ ಬರಬೇಕು. ಬೆಂಗಳೂರಿನಲ್ಲಿ ದಕ್ಷಿಣದ ಮನೆ, ಊರಿನಲ್ಲಿ ಪುತ್ತೂರಿನ ಮನೆ ಎಂದಾದರೆ ಎರಡೂ ತುದಿಯಲ್ಲಿ ಹಿಮ್ಮುಖ ಪ್ರಯಾಣ.

ಈಗ ಕೂಡಿಸಿ ನೋಡುವ. ಯಲಹಂಕದಿಂದ ಕದ್ರಿಗೆ: ಅರ್ಧ ಗಂಟೆ ದಾರಿ, ಒಂದೂವರೆ ಗಂಟೆ ನಿಲ್ದಾಣದಲ್ಲಿ, ಒಂದು ಗಂಟೆ ಐದು ನಿಮಿಷ ವಿಮಾನ, ಇಪ್ಪತ್ತು ನಿಮಿಷ ಹೊರಬರಲು, ಕೊನೆಗೆ ಅರ್ಧ ಗಂಟೆ ಚಿಲ್ಲರೆ. ಒಟ್ಟು ನಾಲ್ಕು ಗಂಟೆ. ಇದಕ್ಕೆ ಸಾಟಿ ಇಲ್ಲ, ವಿಮಾನದಲ್ಲೇ ಹೋಗಿ. ಜೆ.ಪಿ. ನಗರದಿಂದ ಪುತ್ತೂರಿಗೆ: ಆರು ಗಂಟೆ ಹತ್ತು ನಿಮಿಷ. ವೈಟ್‌ಫೀಲ್ಡ್‌ನಿಂದ ಕುಂದಾಪುರಕ್ಕೆ: ಅದೂ ಆರು ಗಂಟೆಯ ಮೇಲೆಯೇ. ಕಾರಿನಲ್ಲಿ ಪುತ್ತೂರಿಗೆ ಆರೂವರೆಯಿಂದ ಏಳು ಗಂಟೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಆ ದಿನ ಭಾವ ಮತ್ತು ನಾನು ಒಟ್ಟೊಟ್ಟಿಗೆ ಮುಟ್ಟಿದ್ದು ಆಕಸ್ಮಿಕವಲ್ಲ ಎಂದು ತಿಳಿಯುತ್ತದೆ.

ಎಚ್ಚರದ ಗಂಟೆಗಳು

ಗಂಟೆ ಎಣಿಸುವಾಗ ನಾವು ಇನ್ನೊಂದು ತಪ್ಪು ಮಾಡುತ್ತೇವೆ. ಎಲ್ಲ ಗಂಟೆಗಳನ್ನೂ ಒಂದೇ ತಕ್ಕಡಿಗೆ ಹಾಕುತ್ತೇವೆ. ರಾತ್ರಿ ಬಸ್ಸಿಗೆ ಏಳೆಂಟು ಗಂಟೆ, ರೈಲಿಗೆ ಒಂಬತ್ತರಿಂದ ಹತ್ತು ಗಂಟೆ, ವಿಮಾನಕ್ಕೆ ಆರು ಗಂಟೆ. ಆದ್ದರಿಂದ ವಿಮಾನ ಬೇಗ ಎನ್ನುತ್ತೇವೆ. ಆದರೆ ರೈಲಿನ ಹತ್ತು ಗಂಟೆಯಲ್ಲಿ ಏಳು ಗಂಟೆ ನಿದ್ದೆ. ಅದು ಹೇಗೂ ಮನೆಯಲ್ಲಿ ಮಾಡಬೇಕಾದ ನಿದ್ದೆಯೇ. ನನ್ನ ದಿನದಿಂದ ರೈಲು ಕಸಿಯುವುದು ಎರಡು ಮೂರು ಗಂಟೆ ಮಾತ್ರ. ಹಗಲಿನ ವಿಮಾನದ ಆರು ಗಂಟೆಯೂ ಎಚ್ಚರದ ಗಂಟೆ; ಓದಲೂ ಆಗದೆ, ಕೆಲಸ ಮಾಡಲೂ ಆಗದೆ, ಸಾಲಿನಲ್ಲಿ ನಿಂತು, ಬೆಲ್ಟ್ ಬಿಚ್ಚಿ ಹಾಕಿ, ಟ್ಯಾಕ್ಸಿ ಕಾದು ತುಂಡು ತುಂಡಾಗಿ ಹೋಗುವಂಥವು. ಅರ್ಧ ದಿನದ ರಜೆ ಅದಕ್ಕೇ ಬಲಿ.

ಆದ್ದರಿಂದ ಮೊದಲೇ ಗೊತ್ತಿರುವ ಪ್ರಯಾಣ, ಊರು ಪುತ್ತೂರಿನ ಆಸುಪಾಸು ಎಂದಾದರೆ ನನ್ನ ಮೊದಲ ಆಯ್ಕೆ ರಾತ್ರಿ ರೈಲು. ಇದನ್ನು ಹೇಳುವಾಗ ನನಗೆ ಸ್ವಲ್ಪ ಪ್ರೀತಿಯ ಪಕ್ಷಪಾತ ಇದೆ ಎಂದು ಒಪ್ಪುತ್ತೇನೆ. ಹಾಸನ–ಮಂಗಳೂರು ಹಳಿಯನ್ನು ಬ್ರಾಡ್‌ಗೇಜ್ ಮಾಡುವ ಕೆಲಸಕ್ಕೆಂದು ವರ್ಷಗಟ್ಟಲೆ ಮುಚ್ಚಿದ್ದ ಕಾಲವನ್ನು ನಾವು ನೋಡಿದ್ದೇವೆ. 2007ರ ಡಿಸೆಂಬರಿನಲ್ಲಿ ಮತ್ತೆ ಪ್ರಯಾಣಿಕರ ರೈಲು ಓಡಿದಾಗ ಊರಿನ ಸ್ಟೇಷನ್ನಿಗೆ ಜನ ಸುಮ್ಮನೆ ನೋಡಲೆಂದೇ ಹೋಗಿದ್ದರು. 2017ರಲ್ಲಿ ಶ್ರವಣಬೆಳಗೊಳದ ಮೇಲಿನ ಹಳಿ ಪೂರ್ತಿಯಾದ ಮೇಲೆ ಮೈಸೂರನ್ನೋ ಅರಸೀಕೆರೆಯನ್ನೋ ಸುತ್ತದೆ ಹಾಸನ ಸೇರಬಹುದಾಯಿತು. ಆದರೂ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ. ಘಟ್ಟದಲ್ಲಿ ಏನೂ ಮಾಡುವಂತಿಲ್ಲ: 57 ಸುರಂಗ, ಐವತ್ತಕ್ಕೆ ಒಂದರಷ್ಟು ಇಳಿಜಾರು, ಗಂಟೆಗೆ 30 ಕಿ.ಮೀ. ಮಿತಿ. ವಿಮಾನ ಐದು ನಿಮಿಷದಲ್ಲಿ ದಾಟುವ ಘಟ್ಟವನ್ನು ರೈಲು ಎರಡು ಗಂಟೆಗೂ ಮೀರಿ ಇಳಿಯುತ್ತದೆ. ಒಮ್ಮೆಯಾದರೂ ಇದನ್ನು ಹಗಲಲ್ಲಿ ನೋಡಬೇಕು. ವಾರದ ಕೆಲವು ದಿನ ಯಶವಂತಪುರದಿಂದ ಬೆಳಿಗ್ಗೆ ಹೊರಡುವ ರೈಲಿಗೆ 2021ರಿಂದ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಹಾಕುತ್ತಾರೆ. ಮಳೆಗಾಲ ಮುಗಿದು ಜಲಪಾತಗಳು ಇನ್ನೂ ಬತ್ತದ ಅಕ್ಟೋಬರ್ ಅದಕ್ಕೆ ಸರಿಯಾದ ಕಾಲ.

ಉಡುಪಿ, ಕುಂದಾಪುರ, ಬೈಂದೂರಿನವರಿಗೆ ಕಾರವಾರದ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ಮಂಗಳೂರು ಪೇಟೆಗೆ ಹೋಗಿ ನಿಲ್ಲದೆ ಪಡೀಲಿನ ಮೂಲಕ ಕೊಂಕಣ ರೈಲಿನ ಹಳಿ ಹಿಡಿಯುತ್ತದೆ. ಸಂಜೆ ಹತ್ತಿದರೆ ನಸುಕಿಗೆ ಕುಂದಾಪುರ. ಬೈಯಪ್ಪನಹಳ್ಳಿಯಿಂದ ಮುರುಡೇಶ್ವರಕ್ಕೆ ಹೋಗುವ ಇನ್ನೊಂದು ರೈಲು ಮೈಸೂರು ಸುತ್ತಿ ಹೋಗುವುದರಿಂದ ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ವೈಟ್‌ಫೀಲ್ಡ್ ಕಡೆಯವರಿಗೆ ಹತ್ತಲು ಹತ್ತಿರ ಎಂಬುದೇ ಅದರ ಅನುಕೂಲ.

ರೈಲಿನ ದೊಡ್ಡ ತೊಂದರೆ ಟಿಕೆಟ್. ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನ ಮೊದಲು ತೆರೆಯುತ್ತದೆ. ದೀಪಾವಳಿ, ಚೌತಿ, ವರ್ಷದ ಕೊನೆಯ ವಾರಕ್ಕೆ ಆ ದಿನವೇ ಕುಳಿತು ಮಾಡದಿದ್ದರೆ ಆಸೆ ಬಿಡಿ. ತತ್ಕಾಲ್ ಹಿಂದಿನ ದಿನ, ಎಸಿಗೆ ಬೆಳಿಗ್ಗೆ ಹತ್ತಕ್ಕೆ, ಸ್ಲೀಪರಿಗೆ ಹನ್ನೊಂದಕ್ಕೆ.

ಸಿಗದಿದ್ದರೆ ಬಸ್ಸು. ಮೆಜೆಸ್ಟಿಕ್, ಸ್ಯಾಟಲೈಟ್ ನಿಲ್ದಾಣ ಎರಡೂ ಪಶ್ಚಿಮದ ದಾರಿಯಲ್ಲೇ ಇರುವುದು ದಕ್ಷಿಣ ಬೆಂಗಳೂರಿನವರಿಗೆ ಅನುಕೂಲ. ಪುತ್ತೂರು, ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಕೆಎಸ್‌ಆರ್‌ಟಿಸಿಯ ನೇರ ಬಸ್ಸುಗಳಿವೆ. ರಾತ್ರಿ ಹತ್ತಕ್ಕೆ ಹತ್ತಿ ಬೆಳಗಿನ ಕಾಫಿಗೆ ಮನೆ. ನಿದ್ದೆ ಮಾತ್ರ ಸಕಲೇಶಪುರದವರೆಗೆ. ಅಲ್ಲಿಂದ ಮುಂದೆ ತಿರುವುಗಳು ಮಲಗಿದವರನ್ನು ಈಚೆಯಿಂದ ಆಚೆಗೆ ಹೊರಳಿಸುತ್ತವೆ. ಮಕ್ಕಳಿಗೆ ವಾಂತಿ ಬರುವ ಅಭ್ಯಾಸವಿದ್ದರೆ ನಿಂಬೆಹಣ್ಣು ಕೈಯಲ್ಲಿರಲಿ, ರಾತ್ರಿ ಊಟ ಹಗುರವಾಗಿರಲಿ.

ಮಳೆಗಾಲ ಬಂದಾಗ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇಲಿನ ಲೆಕ್ಕಕ್ಕೆಲ್ಲ ಇನ್ನೊಂದು ಕಂತು ಸೇರುತ್ತದೆ: ತಲುಪದೇ ಇರುವ ಸಾಧ್ಯತೆ.

ಘಟ್ಟ ಕುಸಿದರೆ ರಸ್ತೆ, ಹಳಿ ಎರಡೂ ಒಟ್ಟಿಗೆ ಹೋಗುತ್ತವೆ. 2024ರ ಜುಲೈ ಕೊನೆಯಲ್ಲಿ ಯಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜರಿದು ರೈಲುಗಳು ದಿನಗಟ್ಟಲೆ ನಿಂತವು. ಶಿರಾಡಿ ರಸ್ತೆ ಕಾಂಕ್ರೀಟು ಹಾಕುವ ಕೆಲಸಕ್ಕೆಂದು 2015ರಲ್ಲಿ, 2018ರಲ್ಲಿ ತಿಂಗಳುಗಟ್ಟಲೆ ಮುಚ್ಚಿತ್ತು. ಕುಸಿತದಿಂದಾಗಿ ಮುಚ್ಚಿದ್ದು ಅದೆಷ್ಟು ಸಲವೋ. ಚಾರ್ಮಾಡಿಯಲ್ಲಿ ದೊಡ್ಡ ವಾಹನ ಬಿಡುವುದಿಲ್ಲ. ಸಂಪಾಜೆಯ ದಾರಿ ಮೈಸೂರು, ಮಡಿಕೇರಿ ಸುತ್ತಿ ಬರಬೇಕು. ಅಂಥ ವಾರಗಳಲ್ಲಿ ಉಳಿಯುವುದು ಆಕಾಶ ಮಾತ್ರ. ಟಿಕೆಟ್ ದರ ಎರಡು ಮೂರು ಪಟ್ಟಾದರೂ ಬೇಕಾದವರು ಕೊಡಲೇಬೇಕಾಗುತ್ತದೆ.

ಹಾಗೆಂದು ಆಕಾಶವೂ ಪೂರ್ತಿ ನಂಬುವಂಥದ್ದಲ್ಲ. ಬಜ್ಪೆಯದ್ದು ಗುಡ್ಡದ ನೆತ್ತಿಯನ್ನು ಸಮ ಮಾಡಿ ಕಟ್ಟಿದ ಟೇಬಲ್‌ಟಾಪ್ ರನ್‌ವೇ, 2,450 ಮೀಟರ್ ಉದ್ದ. ಬೆಂಗಳೂರಿನ ಒಂದೊಂದು ರನ್‌ವೇಯೂ 4,000 ಮೀಟರ್. ಮೋಡ ಕೆಳಗಿಳಿದು ಕಣ್ಣಿಗೆ ರನ್‌ವೇ ಕಾಣದಾದಾಗ ಪೈಲಟ್ ಮೇಲೆ ಸುತ್ತು ಹಾಕುತ್ತಾರೆ. ತಿಳಿಯಾಗದಿದ್ದರೆ ಬೆಂಗಳೂರಿಗೋ ಕಣ್ಣೂರಿಗೋ ಕೊಚ್ಚಿಗೋ ತಿರುಗಿಸುತ್ತಾರೆ. ಒಮ್ಮೆ ಜುಲೈಯಲ್ಲಿ ನಾನಿದ್ದ ವಿಮಾನ ಮಂಗಳೂರಿನ ಮೇಲೆ ಅರ್ಧ ಗಂಟೆ ಸುತ್ತಿ ಹೊರಟಲ್ಲಿಗೇ ವಾಪಸ್ ಬಂತು. ಪಕ್ಕದಲ್ಲಿದ್ದ ಹಿರಿಯರೊಬ್ಬರು, ‘ಇಳಿಸದೇ ಇದ್ದದ್ದೇ ಒಳ್ಳೆಯದಾಯಿತು ಮಾರಾಯ್ರೆ’ ಎಂದರು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಆ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಹೋದರು. ಬದುಕಿದವರು ಎಂಟು ಮಂದಿ. ನಮ್ಮ ಜಿಲ್ಲೆಯಲ್ಲಿ ಆ ದಿನದ ನೆನಪು ಇಲ್ಲದ ಊರಿಲ್ಲ. ಪೈಲಟ್ ಇಳಿಸುವುದಿಲ್ಲ ಎಂದರೆ ಅದು ವಿಳಂಬವಲ್ಲ, ಜವಾಬ್ದಾರಿ ಎಂದೇ ನಾನು ತಿಳಿಯುತ್ತೇನೆ.

ಆದ್ದರಿಂದ ಮಳೆಗಾಲದಲ್ಲಿ ಮದುವೆ, ಉತ್ತರಕ್ರಿಯೆ, ಕೋರ್ಟಿನ ಹಾಜರಿಯಂಥ ತಪ್ಪಿಸಲಾಗದ ಕೆಲಸವಿದ್ದರೆ ಯಾವುದರಲ್ಲಿ ಹೋಗುವುದಾದರೂ ಒಂದು ದಿನ ಮೊದಲೇ ಹೊರಡಿ. ವಿಮಾನವಾದರೆ ದಿನದ ಕೊನೆಯದ್ದನ್ನು ಹಿಡಿಯಬೇಡಿ; ಅದು ತಿರುಗಿತೆಂದರೆ ಆ ರಾತ್ರಿಗೆ ಬೇರೆ ದಾರಿಯೇ ಇರುವುದಿಲ್ಲ.

ಯಾರಿಗೆ ಯಾವುದು

ವಯಸ್ಸಾದವರನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆತರುವುದಾದರೆ ನಾನು ದೂರದ ಲೆಕ್ಕ ಬದಿಗಿಟ್ಟು ವಿಮಾನ ಎನ್ನುತ್ತೇನೆ. ಬಸ್ಸಿನಲ್ಲಿ ಶೌಚಕ್ಕೆ ನಿಲ್ಲಿಸಿ ಎಂದು ಕೇಳಲು ಸಂಕೋಚಪಟ್ಟು ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುವ ಹಿರಿಯರನ್ನು ನೋಡಿದ್ದೇನೆ. ಸ್ಲೀಪರ್ ಬಸ್ಸಿನ ಮೇಲಿನ ಹಾಸಿಗೆಗೆ ಹತ್ತುವುದು ಮಂಡಿನೋವಿನವರಿಗೆ ಶಿಕ್ಷೆ. ವಿಮಾನದಲ್ಲಿ ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಬೇಕೆಂದು ಗುರುತು ಹಾಕಿದರೆ ಬಾಗಿಲಿನಿಂದ ಸೀಟಿನವರೆಗೆ ಕರೆದುಕೊಂಡು ಹೋಗುತ್ತಾರೆ. ವಿಮಾನ ಸಾಧ್ಯವಿಲ್ಲದಿದ್ದರೆ ರೈಲಿನ ಕೆಳಗಿನ ಬರ್ತ್.

ವಿದೇಶದಿಂದ ಬರುವವರಿಗೆ ಈ ಚರ್ಚೆಯೇ ಬೇಡ. ಬೆಂಗಳೂರಿಗೆ ಇಳಿದಾಗ ನೀವು ಆಗಲೇ ವಿಮಾನ ನಿಲ್ದಾಣದಲ್ಲಿದ್ದೀರಿ. ಬೆಂಗಳೂರಿನ ಬಾಗಿಲಿನ ಕಷ್ಟ ನಿಮಗಿಲ್ಲ. ನಡುವೆ ಮೂರು ಗಂಟೆಯಾದರೂ ಬಿಟ್ಟು ಮಂಗಳೂರಿನ ವಿಮಾನ ಹಿಡಿಯಿರಿ. ಅಂತರರಾಷ್ಟ್ರೀಯ ವಿಮಾನಗಳು ಎರಡನೇ ಟರ್ಮಿನಲ್‌ಗೆ ಬರುತ್ತವೆ. ಮುಂದಿನದ್ದು ಒಂದನೆಯದರಿಂದ ಇದ್ದರೆ ಶಟಲ್ ಬಸ್ಸಿನಲ್ಲಿ ಹೋಗಬೇಕು, ಆ ಹೊತ್ತನ್ನೂ ಸೇರಿಸಿಕೊಳ್ಳಿ. ಕೊಲ್ಲಿಯವರಿಗೆ ಮಂಗಳೂರಿಗೇ ನೇರ ವಿಮಾನಗಳಿವೆ. ಕಾಸರಗೋಡು ಜಿಲ್ಲೆಯ ದಕ್ಷಿಣ ತುದಿಯವರು 2018ರಲ್ಲಿ ಶುರುವಾದ ಕಣ್ಣೂರು ನಿಲ್ದಾಣವನ್ನೂ ನೋಡಬಹುದು. ಮಂಜೇಶ್ವರ, ಕುಂಬಳೆಯವರಿಗೆ ಬಜ್ಪೆಯೇ ಹತ್ತಿರ.

ನಾಲ್ಕು ಜನ ಒಟ್ಟಿಗೆ ಎಂದರೆ ಕಾರು. ನಾಲ್ಕು ಟಿಕೆಟ್, ಎರಡು ತುದಿಯ ಟ್ಯಾಕ್ಸಿ ಕೂಡಿಸಿದರೆ ಡೀಸೆಲ್ ಮತ್ತು ಟೋಲಿನ ಖರ್ಚು ಏನೂ ಅಲ್ಲ, ಊರಿನಲ್ಲಿ ಓಡಾಡಲು ಗಾಡಿಯೂ ಇರುತ್ತದೆ. ನಸುಕಿನ ನಾಲ್ಕೂವರೆಗೆ ಹೊರಟರೆ ಹಾಸನದಲ್ಲಿ ತಿಂಡಿ. ರಾತ್ರಿ ಒಬ್ಬರೇ ಚಾಲಕರಾಗಿ ಶಿರಾಡಿ ಇಳಿಯುವುದು ಮಾತ್ರ ಬೇಡ. ಲಾರಿಗಳ ಸಾಲು, ಮಂಜು, ನಿದ್ದೆ ಮೂರೂ ಸೇರುವ ಜಾಗ ಅದು.

ತುರ್ತು ಫೋನು ಬಂದಾಗ ಏನು ಮಾಡಬೇಕು? ಆ ಬೆಳಿಗ್ಗೆಯ ಅನುಭವದಿಂದ ಹೇಳುತ್ತೇನೆ. ಮೊದಲು ಮುಂದಿನ ವಿಮಾನ ಎಷ್ಟು ಹೊತ್ತಿಗೆ ಎಂದು ನೋಡಿ. ಅದು ನಾಲ್ಕು ಗಂಟೆಗಿಂತ ಆಚೆ ಇದ್ದು, ನಿಮ್ಮದು ಬೆಂಗಳೂರಿನ ದಕ್ಷಿಣವೋ ಪಶ್ಚಿಮವೋ ಆಗಿದ್ದು, ಊರು ಘಟ್ಟದ ಬುಡದಲ್ಲಿದ್ದರೆ ಆ ಕ್ಷಣವೇ ಕಾರಿನಲ್ಲಿ ಹೊರಟುಬಿಡಿ. ಆದರೆ ಕೈ ನಡುಗುತ್ತಿರುವಾಗ ಸ್ಟೀರಿಂಗ್ ಹಿಡಿಯಬೇಡಿ, ಚಾಲಕರೊಬ್ಬರನ್ನು ಕರೆದುಕೊಳ್ಳಿ. ಮನಸ್ಸು ತೀರಾ ಕಲಕಿದ್ದು ಜೊತೆಗೆ ಯಾರೂ ಇಲ್ಲದಿದ್ದರೆ, ಒಂದು ಗಂಟೆ ತಡವಾದರೂ ವಿಮಾನವೇ ಸರಿ.

ಕೈಯಲ್ಲಿ ಏನಿದೆ

ಊರಿಗೆ ಹೋಗುವಾಗ ಒಂದು ಚೀಲ, ಬರುವಾಗ ಮೂರು. ವಿಮಾನದಲ್ಲಿ ಸಾಮಾನ್ಯ ಟಿಕೆಟ್ಟಿಗೆ ಒಪ್ಪಿಸುವ ಲಗೇಜ್ 15 ಕಿಲೋ, ಕೈಚೀಲ 7 ಕಿಲೋ. ಒಣ ಕೊಬ್ಬರಿ ಯಾವ ಚೀಲದಲ್ಲೂ ಬಿಡುವುದಿಲ್ಲ. ಅದರಲ್ಲಿ ಎಣ್ಣೆ ತುಂಬಿರುವುದರಿಂದ ಬೆಂಕಿ ಹಿಡಿಯುವ ವಸ್ತುವೆಂದು ಲೆಕ್ಕ. ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಡಬೇಡಿ, ಭದ್ರವಾಗಿ ಕಟ್ಟಿ ಒಪ್ಪಿಸುವ ಚೀಲಕ್ಕೆ ಹಾಕಿ. ಮಿಡಿ ಉಪ್ಪಿನಕಾಯಿಯ ಭರಣಿಯೊಂದನ್ನು ತಪಾಸಣೆಯಲ್ಲಿ ತೆಗೆದಿಟ್ಟಾಗ ಅದನ್ನು ಹಾಕಿದ ಕೈ ನೆನಪಾಗಿ ನನಗೆ ಮಾತೇ ಹೊರಡಲಿಲ್ಲ.

ಅಮ್ಮನಿಗೆ ಈಗ ಇದೆಲ್ಲ ಬಾಯಿಪಾಠ. ರಜೆ ಮುಗಿದು ಹೊರಡುವ ಹಿಂದಿನ ದಿನ ಅಡುಗೆಮನೆಯಿಂದಲೇ ಕೇಳುತ್ತಾರೆ: ‘ಯಾವುದರಲ್ಲಿ ಹೋಗುವುದು?’ ವಿಮಾನ ಎಂದರೆ ಹಲಸಿನ ಹಪ್ಪಳದ ಕಟ್ಟು, ತೂಕವಿಲ್ಲದ್ದು. ರೈಲು ಎಂದರೆ ಅಪ್ಪ ಕತ್ತಿ ಹಿಡಿದು ತೋಟಕ್ಕೆ ಇಳಿಯುತ್ತಾರೆ; ಸಂಜೆ ಹೊತ್ತಿಗೆ ಜಗಲಿಯಲ್ಲಿ ಗೋಣಿ ತುಂಬ ತೆಂಗಿನಕಾಯಿ, ಒಂದು ಗೊನೆ ಕದಳಿ, ಬಾಳೆಲೆಯ ಕಟ್ಟು ಸಿದ್ಧವಾಗಿರುತ್ತದೆ.